ಅಪ್ಪ ಕಾಫಿ ಕೇಳಿದ ಬೆಳಗ್ಗೆ

ಅಪ್ಪನ ತಲೆಯಲ್ಲಿದ್ದುದು ಗ್ಲಿಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರ್, ಅತ್ಯಂತ ಉಗ್ರವಾದ ನಾಲ್ಕನೆಯ ದರ್ಜೆಯ ಗಡ್ಡೆ. ನಿಮ್ಹಾನ್ಸ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ, ಆರು ವಾರಗಳ ರೇಡಿಯೇಷನ್ ಮತ್ತು ಟೆಮೊಜೊಲೊಮೈಡ್ ಎಂಬ ಕೀಮೋಥೆರಪಿ ಗುಳಿಗೆಗಳೆಲ್ಲ ಮುಗಿದ ಮೇಲೂ ಅದು ಮರಳಿ ಬೆಳೆಯಿತು. ಇಷ್ಟೆಲ್ಲ ಚಿಕಿತ್ಸೆ ಪಡೆದವರಲ್ಲೂ ಅರ್ಧದಷ್ಟು ಮಂದಿ ಸುಮಾರು 15 ತಿಂಗಳೊಳಗೆ ತೀರಿಕೊಳ್ಳುತ್ತಾರೆಂದು ನಾವು ಓದಿ ತಿಳಿದಿದ್ದೆವು. ಆದರೆ ನಾಳೆ ಬೆಳಗ್ಗೆ ಅಪ್ಪ ಹೇಗಿರುತ್ತಾರೆಂಬುದನ್ನು ಯಾವ ಅಂಕಿಯೂ ಹೇಳುತ್ತಿರಲಿಲ್ಲ.

ಅವರೆಕಾಯಿಯ ಕಾಲದಲ್ಲಿ ಅವರು ಕಣ್ಣು ತೆರೆಯುವುದನ್ನೇ ಬಿಟ್ಟರು. ಗಡ್ಡೆ ಎಡಭಾಗದಲ್ಲಿದ್ದುದರಿಂದ ಬಲಗೈ, ಬಲಗಾಲು ಮೊದಲೇ ಸೋತಿದ್ದವು, ಮಾತೂ ಬಹುತೇಕ ನಿಂತಿತ್ತು. ಮನೆಗೆ ಬಂದು ನೋಡಿದ ವೈದ್ಯರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್‌ನ ಪ್ರಮಾಣವನ್ನು ಹೆಚ್ಚಿಸಿ, ಇನ್ನು ಎರಡು ಮೂರು ದಿನವಷ್ಟೇ ಎಂದರು. ತುಮಕೂರಿನಿಂದ ಅತ್ತೆ, ಮೈಸೂರಿನಿಂದ ಚಿಕ್ಕಪ್ಪ ಬಂದರು; ಅಮ್ಮ ದೇವರಮನೆಯಿಂದ ಗಂಗಾಜಲದ ಗಿಂಡಿಯನ್ನು ತಂದು ಮಂಚದ ಪಕ್ಕದಲ್ಲಿಟ್ಟರು.

ಹಾಗೆ ಎಲ್ಲರೂ ಸೇರಿ ಕಾಯುತ್ತಿದ್ದ ಒಂದು ಬೆಳಗ್ಗೆ ಅಪ್ಪ ಕಣ್ಣು ಬಿಟ್ಟು, ಚಿಕ್ಕಪ್ಪನನ್ನು ಗುರುತಿಸಿ, "ಯಾವಾಗ ಬಂದ್ಯೋ? ಕಾಫಿ ಕೊಡ್ರೇ" ಎಂದರು. ದಿಂಬಿಗೊರಗಿ ಕೂತು ಕಾಫಿ ಕುಡಿದರು, ಅವರೆಕಾಳಿನ ಉಪ್ಪಿಟ್ಟನ್ನೂ ತಿಂದರು. ಅಮ್ಮನಂತೂ ನಿಲ್ಲಿಸಿದ್ದ ಫಿಸಿಯೋಥೆರಪಿಯನ್ನು ಮತ್ತೆ ಆರಂಭಿಸುವ ಮಾತಾಡತೊಡಗಿದರು. ಕಳುಹಿಸಿಕೊಡಲು ಮನಸ್ಸನ್ನು ಗಟ್ಟಿ ಮಾಡಿಕೊಂಡವರಿಗೆ ಆಸೆಯನ್ನು ಮತ್ತೆ ಕೈಗಿಡುವುದು ಎಂಥ ಕಠಿಣವಾದ ಸಂತೋಷವೆಂದು ನನಗೆ ತಿಳಿದದ್ದು ಆಗ.

ಮಧ್ಯಾಹ್ನ ಬಂದ, ನೋವು ಸಂಕಟಗಳನ್ನು ತಗ್ಗಿಸುವ ಉಪಶಾಮಕ ಆರೈಕೆಯ ನರ್ಸ್ ಅಮ್ಮನ ಕೈ ಹಿಡಿದು ಹೇಳಿದರು: "ಗಡ್ಡೆ ಕರಗಿಲ್ಲಮ್ಮ, ಔಷಧಿಯಿಂದ ಅದರ ಸುತ್ತ ಇದ್ದ ಬಾವು ಇಳಿದಿದೆ. ಎಷ್ಟು ದಿನ ಹೀಗಿರ್ತಾರೋ ಹೇಳೋಕಾಗಲ್ಲ. ಕೇಳೋದಿದ್ರೆ ಈಗಲೇ ಕೇಳಿ." ದಿನಗಳನ್ನು ಎಣಿಸಿ ಹೇಳಿದ ವೈದ್ಯರ ಮಾತಿಗಿಂತ, ಹೇಳಲಾಗದು ಎಂದ ಈ ಮಾತೇ ನಮಗೆ ಹೆಚ್ಚು ಆಧಾರವಾಯಿತು.

ಅಂದು ಸಂಜೆಯೇ, ಮತ್ತೆ ಹೀಗಾದರೆ ಆಸ್ಪತ್ರೆಗೆ ಸೇರಿಸಬೇಕೇ ಎಂದು ನಾನು ಕೇಳಿದೆ. ಅಪ್ಪ ಬಹಳ ಹೊತ್ತು ಪದಗಳಿಗಾಗಿ ತಡಕಾಡಿ, "ಐಸಿಯು ಬೇಡ. ಇಲ್ಲೇ" ಎಂದರು.

ಆಮೇಲಿನ ವಾರಗಳಲ್ಲಿ ಫಿಟ್ಸ್ ಬಂತು, ಸ್ಟೀರಾಯ್ಡ್‌ನಿಂದ ಸಕ್ಕರೆ ಏರಿತು, ನಡುನಡುವೆ ನಗುವ ದಿನಗಳೂ ಬಂದುಹೋದವು. ಕೊನೆಗೆ ಉಸಿರು ಏರುಪೇರಾದಾಗ ಆಂಬುಲೆನ್ಸ್ ಕರೆಯೋಣವೆಂದ ಚಿಕ್ಕಪ್ಪನಿಗೆ ಅಮ್ಮನೇ ಆ ಎರಡು ಮಾತುಗಳನ್ನು ನೆನಪಿಸಿದರು. ಯುಗಾದಿ ಕಳೆದ ಮೇಲೆ ಅಪ್ಪ ಬಸವನಗುಡಿಯ ಮನೆಯಲ್ಲೇ ತೀರಿಕೊಂಡರು.