ಪೋಲೆಂಡಿನವರಿಗೆ ಸ್ಪೇನಿನಲ್ಲಿ ವೀಸಾನೇ ಬೇಡ, ಮತ್ತೆ ಕಾಗದಪತ್ರದ ತಲೆನೋವು ಯಾಕೆ?

ಮ್ಯಾಡ್ರಿಡ್ ಸುತ್ತಲಿನ ಹೆತಾಫೆ, ಮೊಸ್ತೊಲೆಸ್, ಅಲ್ಕಲಾ ದೆ ಎನಾರೆಸ್ ಊರುಗಳಲ್ಲಿ ನೆಲೆಸಿರುವ ಪೋಲಿಷ್ ವಲಸಿಗರ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ.

ವೀಸಾ ಬೇಡ ಅನ್ನುವುದು ನಿಜ. ಪೋಲೆಂಡ್ 2004ರ ಮೇ 1ರಂದು ಐರೋಪ್ಯ ಒಕ್ಕೂಟ ಸೇರಿತು. ಉದ್ಯೋಗಕ್ಕಿದ್ದ ತಡೆಯನ್ನು ಸ್ಪೇನ್ ಎರಡು ವರ್ಷ ಉಳಿಸಿಕೊಂಡು 2006ರಲ್ಲಿ ತೆಗೆಯಿತು. ಆದರೆ ಮೂರು ತಿಂಗಳು ಮೀರಿ ಇರುವುದಾದರೆ ವಿದೇಶಿಯರ ದಫ್ತರದಲ್ಲಿ ಹೆಸರು ಬರೆಸಲೇಬೇಕು.

ಇಲ್ಲಿ ಒಂದು ಸಿಕ್ಕು. ಹಸಿರು ಬಣ್ಣದ ನೋಂದಣಿ ಚೀಟಿಗೆ ಕೆಲಸದ ಕರಾರು ಬೇಕು. ಕೆಲಸ ಕೊಡುವವರು 'ನಿಯೆ' ಎಂಬ ವಿದೇಶಿಯರ ಗುರುತಿನ ಸಂಖ್ಯೆ ಕೇಳುತ್ತಾರೆ, ಅದೋ ಆ ಚೀಟಿಯಲ್ಲೇ ಬರುವಂಥದ್ದು. ತಿಳಿದವರು ಇಎಕ್ಸ್-15 ಫಾರ್ಮ್ ಕೊಟ್ಟು ಸಂಖ್ಯೆಯನ್ನಷ್ಟೇ ಮೊದಲು ಪಡೆಯುತ್ತಾರೆ. ಆಮೇಲೆ ಪುರಸಭೆಯಲ್ಲಿ ವಾಸದ ದಾಖಲೆ, ಅದಕ್ಕೆ ಬಾಡಿಗೆ ಕರಾರು ಕೇಳುತ್ತಾರೆ. ಬಾಡಿಗೆ ಹಣವನ್ನು ತೆರಿಗೆಗೆ ತೋರಿಸದ ಮಾಲೀಕ ಕರಾರು ಬರೆದುಕೊಡುವುದಿಲ್ಲ, ಹಲವರ ಗಾಡಿ ನಿಲ್ಲುವುದೇ ಅಲ್ಲಿ. ಕೊನೆಗೆ ನೋಂದಣಿ ಅರ್ಜಿಯಾದ ಇಎಕ್ಸ್-18 ಫಾರ್ಮ್, ಬ್ಯಾಂಕಿನಲ್ಲಿ ಕಟ್ಟಿದ 790-012 ಚಲನ್ (12 ಯೂರೋ ಆಸುಪಾಸು), ಮೊದಲೇ ಗೊತ್ತುಮಾಡಿಕೊಂಡ ಹೊತ್ತಿಗೆ ಪೊಲೀಸ್ ಕಚೇರಿ. ಕೆಲಸವಿಲ್ಲದವರು ಆರೋಗ್ಯ ವಿಮೆ ಮತ್ತು ಸಾಕಷ್ಟು ಹಣ ತೋರಿಸಬೇಕು. ಕೈಗೆ ಬರುವ ಚೀಟಿಯಲ್ಲಿ ಫೋಟೊ ಇರುವುದಿಲ್ಲ, ಹಾಗಾಗಿ ಪಾಸ್‌ಪೋರ್ಟೋ ಪೋಲಿಷ್ ಗುರುತಿನ ಚೀಟಿಯೋ ಜೊತೆಗಿರಲೇಬೇಕು.

ಇಷ್ಟೆಲ್ಲ ಹೇಗೋ ಆಗಿಹೋಗುತ್ತದೆ. ನಿಜವಾದ ಗೋಳು ಹೆಸರಿನದು. ಸ್ಪೇನಿನವರಿಗೆ ಎರಡು ಕುಲನಾಮ, ಅಪ್ಪನದೊಂದು, ಅಮ್ಮನದೊಂದು. ಪೋಲಿಷರಿಗೆ ಸಾಮಾನ್ಯವಾಗಿ ಒಂದೇ, ಆದರೆ ಇಟ್ಟ ಹೆಸರು ಎರಡಿರುವುದುಂಟು. ಪ್ಯೋತ್ರ್ ಯಾತ್ಸೆಕ್ ನೋವಾಕ್ ಅಂತಿದ್ದರೆ ಅವಸರದ ಗುಮಾಸ್ತರು 'ಯಾತ್ಸೆಕ್' ಅನ್ನು ಮೊದಲ ಕುಲನಾಮದ ಚೌಕದಲ್ಲಿ, 'ನೋವಾಕ್' ಅನ್ನು ಎರಡನೆಯದರಲ್ಲಿ ತುಂಬಿಬಿಡುತ್ತಾರೆ. ಇನ್ನೊಂದು ಕಚೇರಿಯಲ್ಲಿ ಸರಿಯಾಗಿ ಬರೆದರೆ ಅಲ್ಲಿಗೆ ಒಬ್ಬ ಮನುಷ್ಯ ಇಬ್ಬರಾದ! ಇನ್ನು ಕೆಲವು ಪೋಲಿಷ್ ಕುಲನಾಮಗಳ ಕೊನೆ ಗಂಡಿಗೊಂದು, ಹೆಣ್ಣಿಗೊಂದು: ಗಂಡ ಕೊವಾಲ್ಸ್ಕಿ, ಹೆಂಡತಿ ಕೊವಾಲ್ಸ್ಕಾ. ಮದುವೆಯಾದರೂ ಹೆಂಗಸರು ಕುಲನಾಮ ಬದಲಿಸದ ಸ್ಪೇನಿನಲ್ಲಿ ಇವರು ಅಣ್ಣತಂಗಿಯಂತೆ ಕಾಣುತ್ತಾರೆ, ಅದೂ ಅಕ್ಷರ ತಪ್ಪಿದ ಅಣ್ಣತಂಗಿ. ಇನಿಷಿಯಲ್ ಬಿಡಿಸಿ ಪಾಸ್‌ಪೋರ್ಟ್ ಮಾಡಿಸಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಸಹಿ ಹಾಕುವ ಮುನ್ನವೇ ಪ್ರತಿ ಚೌಕವನ್ನೂ ಓದಿ ಅಲ್ಲೇ ತಿದ್ದಿಸಬೇಕು, ಆಮೇಲೆ ತಿದ್ದಿಸಲು ಮತ್ತೆ ಸರದಿ.

ಈ ತಪ್ಪಿನ ಬಿಸಿ ತಟ್ಟುವುದು ಪಿಂಚಣಿಯ ಹೊತ್ತಿಗೆ, ಎರಡು ಹೆಸರಿನಲ್ಲಿ ಹಂಚಿಹೋದ ದುಡಿಮೆಯ ವರ್ಷಗಳನ್ನು ಒಬ್ಬರದೇ ಎಂದು ಕೂಡಿಸಬೇಕಾದಾಗ. ಸ್ಪೇನಿನ ಪಿಂಚಣಿಗೆ ಕನಿಷ್ಠ 15 ವರ್ಷ ವಂತಿಗೆ ಕಟ್ಟಿರಬೇಕು. ಪೋಲೆಂಡಿನಲ್ಲಿ ಕಟ್ಟಿದ ವರ್ಷಗಳೂ ಆ ಲೆಕ್ಕಕ್ಕೆ ಸೇರುತ್ತವೆ. ಹಣವನ್ನು ಮಾತ್ರ ಎರಡೂ ದೇಶ ತಂತಮ್ಮ ಪಾಲಿನಂತೆ ಕೊಡುತ್ತವೆ. ಸ್ಪೇನಿನಲ್ಲಿ ಇರುವವರು ಅರ್ಜಿಯನ್ನು ಅಲ್ಲೇ ಹಾಕಿದರೆ ಸಾಕು, ಪೋಲೆಂಡಿಗೆ ಓಡಬೇಕಿಲ್ಲ. 2008ಕ್ಕೆ ಮುಂಚಿನ ಕಟ್ಟಡದ ಭರಾಟೆಯಲ್ಲಿ ಕರಾರಿನ ಮೇಲೆ ದುಡಿದ ಗಂಡಸರಿಗೆ ಇದರಿಂದ ಅನುಕೂಲ. ತೊಂಬತ್ತರ ದಶಕದಲ್ಲಿ ಸ್ಪೇನಿನವರ ಮನೆಯಲ್ಲೇ ಉಳಿದು, ಕರಾರಿಲ್ಲದೆ ಮನೆಗೆಲಸ ಮಾಡಿದ ಹೆಂಗಸರ ವರ್ಷಗಳು ಯಾವ ದಫ್ತರದಲ್ಲೂ ಇಲ್ಲ. ಮನೆಗೆಲಸದವರಿಗೆ ನಿರುದ್ಯೋಗ ಭತ್ಯೆಯ ಹಕ್ಕು ಸಿಕ್ಕಿದ್ದೇ 2022ರಲ್ಲಿ ಅಂದರೆ ಉಳಿದದ್ದನ್ನು ಊಹಿಸಿಕೊಳ್ಳಿ.

ಹಾಗಾಗಿ ನಿವೃತ್ತಿಗೆ ಕಾಯದೆ, 'ವೀದಾ ಲಾಬೊರಾಲ್' ಎಂಬ ದುಡಿಮೆಯ ದಾಖಲೆಯನ್ನು ಸಾಮಾಜಿಕ ಭದ್ರತಾ ಇಲಾಖೆಯಿಂದ ಆಗಾಗ ತರಿಸಿ ನೋಡುವುದು ಒಳ್ಳೆಯದು. ಅದಕ್ಕೆ ಶುಲ್ಕವಿಲ್ಲ.