ರೋಮ್‌ಗೆ ಮೂರು ದಿನ ಸಾಕಾ?

ವರ್ಷಕ್ಕೆ ಏಳೆಂಟು ಸಲ ಆದ್ರೂ ಈ ಪ್ರಶ್ನೆ ವಾಟ್ಸಾಪಲ್ಲಿ ಬಂದೇ ಬರತ್ತೆ. ನಾನು ಇರೋದು ಜರ್ಮನೀಲಿ, ಆದ್ರೆ ನಮ್ಮ ನೆಂಟರ ಲೆಕ್ಕದಲ್ಲಿ ಯೂರೋಪ್ ಅಂದ್ರೆ ಎಲ್ಲಾ ಅಕ್ಕಪಕ್ಕದ ಬೀದಿ, ಮ್ಯೂನಿಕ್‌ನಿಂದ ರೋಮ್‌ಗೆ ಹೋಗೋದು ಜಯನಗರದಿಂದ ಬಸವನಗುಡಿಗೆ ಹೋದಂಗೆ. ಹಳೇ ಆಫೀಸಿನವರು ಕೇಳ್ತಾರೆ, ಚಿಕ್ಕಮ್ಮನ ಮಗ ಕೇಳ್ತಾನೆ, ಒಂದ್ಸಲ ನಮ್ಮ ಅಪಾರ್ಟ್‌ಮೆಂಟ್ ಸೆಕ್ರೆಟರಿ ಕೂಡ ಕೇಳಿದ್ರು. "ಸ್ವಿಸ್, ಪ್ಯಾರಿಸ್ ಎಲ್ಲಾ ಸೇರಿ ಹತ್ತು ದಿನ, ಅದ್ರಲ್ಲಿ ರೋಮ್‌ಗೆ ಮೂರು ದಿನ ಸಾಕಾ?" ಪ್ರತೀ ಸಲ ಟೈಪ್ ಮಾಡಿ ಮಾಡಿ ಸಾಕಾಗಿದೆ, ಇಲ್ಲಿ ಬರೆದಿಟ್ಟು ಇನ್ಮೇಲೆ ಲಿಂಕ್ ಕಳಿಸ್ತೀನಿ.

ಸಾಕು. ಆದ್ರೆ ನೀವು ಎಣಿಸ್ಬೇಕಾಗಿರೋದು ದಿನಾನ ಅಲ್ಲ, ಟಿಕೆಟ್‌ನ. ದಿನಕ್ಕೆ ಒಂದೇ ಟಿಕೆಟ್ ಜಾಗ. ಅಂದ್ರೆ ಮುಂಚೇನೇ ಟೈಮ್ ಸ್ಲಾಟ್ ಬುಕ್ ಮಾಡಿ, ಕ್ಯೂ ನಿಂತು, ಬ್ಯಾಗ್ ಚೆಕ್ ಮಾಡಿಸಿ ಒಳಗೆ ಹೋಗೋ ಥರದ್ದು ದಿನಕ್ಕೆ ಒಂದು ಮಾತ್ರ, ಮಿಕ್ಕಿದ್ದೆಲ್ಲಾ ಕಾಲ್ನಡಿಗೆ. ಈ ಬುದ್ಧಿ ನನಗೆ ಸುಮ್ನೆ ಬಂದಿಲ್ಲ, ಅಪ್ಪ ಅಮ್ಮನ್ನ ಮೊದಲನೇ ಸಲ ಕರ್ಕೊಂಡು ಹೋದಾಗ ಎಕ್ಸೆಲ್ ಶೀಟ್ ಮಾಡ್ಕೊಂಡು ಹೋಗಿದ್ದೆ, ಬೆಳಿಗ್ಗೆ ಎಂಟಕ್ಕೆ ವ್ಯಾಟಿಕನ್ ಮ್ಯೂಸಿಯಂ, ಮಧ್ಯಾಹ್ನ ಮೂರೂವರೆಗೆ ಕೊಲೋಸಿಯಂ, ಅಂತ ಅರ್ಧರ್ಧ ಗಂಟೆ ಲೆಕ್ಕ ಹಾಕಿ ಬಣ್ಣ ಬಣ್ಣದ ಸೆಲ್ ಮಾಡಿದ್ದೆ. ವ್ಯಾಟಿಕನ್ ಮ್ಯೂಸಿಯಂ ಒಳಗೆ ಹೊಕ್ಕಿದ್ರೆ ಮುಗಿಯೋದೇ ಇಲ್ಲ, ಹಾಲ್ ಆದ್ಮೇಲೆ ಹಾಲ್, ನಕ್ಷೆಗಳ ಒಂದು ಉದ್ದದ ಪಡಸಾಲೆ, ಹಿಂದಿನಿಂದ ಜನ ತಳ್ತಾನೇ ಇರ್ತಾರೆ, ಎಲ್ಲರಿಗೂ ಬೇಕಾಗಿರೋ ಸಿಸ್ಟೀನ್ ಚಾಪೆಲ್ ಬರೋದು ಕಟ್ಟಕಡೆಗೆ. ಅಲ್ಲಿ ಫೋಟೋ ತೆಗೆಯಂಗಿಲ್ಲ, ಮಾತಾಡಂಗಿಲ್ಲ. ಮೈಕೆಲ್ಯಾಂಜೆಲೋ 1508ರಿಂದ 1512ರವರೆಗೆ ಬಿಡಿಸಿದ ಚಾವಣಿ ತಲೆ ಮೇಲಿದೆ, ಅಮ್ಮ ಮಾತ್ರ ಗೋಡೆ ಪಕ್ಕದ ಬೆಂಚಲ್ಲಿ ಜಾಗ ಸಿಗತ್ತಾ ಅಂತ ನೆಲದ ಕಡೆ ನೋಡ್ತಿದ್ಲು. ಅಲ್ಲಿಂದ ಟ್ಯಾಕ್ಸಿ ಹಿಡ್ಕೊಂಡು ಕೊಲೋಸಿಯಂಗೆ ಓಡಿದ್ವಿ. ಒಳಗೆ ಹೋದ ತಕ್ಷಣ ಅಮ್ಮ ಒಂದು ಕಲ್ಲಿನ ಮೇಲೆ ಕೂತು "ನೀವು ನೋಡ್ಕೊಂಡು ಬನ್ನಿ, ನಂಗೆ ಇಲ್ಲಿಂದಾನೇ ಕಾಣತ್ತೆ" ಅಂದ್ಲು. ಕಾಣ್ತಿದ್ದಿದ್ದು ಒಂದು ಕಂಬ ಅಷ್ಟೇ. ಎಕ್ಸೆಲ್ ಶೀಟ್ ಅವತ್ತು ರಾತ್ರೀನೇ ಡಿಲೀಟ್ ಮಾಡಿದೆ.

ಟಿಕೆಟ್ ವಿಷ್ಯ ಹೇಳಿಬಿಡ್ತೀನಿ, ಇದೊಂದೇ ಮುಂಚೆ ಮಾಡ್ಬೇಕಾಗಿರೋ ಕೆಲಸ. ಕೊಲೋಸಿಯಂ ಟಿಕೆಟ್ ನಾನು ಹೋದಾಗ 18 ಯೂರೋ, ಪಕ್ಕದಲ್ಲೇ ಇರೋ ಫೋರಂ (ಹಳೇ ರೋಮ್‌ನ ಊರಮಧ್ಯದ ಚೌಕ) ಮತ್ತೆ ಪ್ಯಾಲಟೈನ್ ಗುಡ್ಡಾನೂ ಅದ್ರಲ್ಲೇ ಸೇರಿದೆ. ಮೂವತ್ತು ದಿನ ಮುಂಚೆ ಬಿಡ್ತಾರೆ, ಟಿಕೆಟ್ ಮೇಲೆ ನಿಮ್ಮ ಹೆಸರು ಇರತ್ತೆ, ಪಾಸ್‌ಪೋರ್ಟಲ್ಲಿ ಇರೋ ಹೆಸರೇ ಇರ್ಬೇಕು. ನಮ್ಮಲ್ಲಿ ಅಪ್ಪನ ಹೆಸರು, ಊರ ಹೆಸರು, ಇನಿಶಿಯಲ್ ಎಲ್ಲಾ ಹಿಂದೆ ಮುಂದೆ ಆಗಿರತ್ತಲ್ಲ, ಪಾಸ್‌ಪೋರ್ಟ್ ಮುಂದಿಟ್ಕೊಂಡೇ ಟೈಪ್ ಮಾಡಿ. ವ್ಯಾಟಿಕನ್ ಮ್ಯೂಸಿಯಂಗೆ 20, ಆನ್‌ಲೈನ್ ಬುಕಿಂಗ್‌ಗೆ ಇನ್ನೊಂದು 5. ಎರಡಕ್ಕೂ ಅವರದ್ದೇ ಅಫಿಷಿಯಲ್ ಸೈಟ್ ಇದೆ, ಆದ್ರೆ ಗೂಗಲ್ ಮಾಡಿದ್ರೆ ಮೇಲ್ಗಡೆ ಬರೋದೆಲ್ಲ ಬೇರೆಯವರ ಜಾಹೀರಾತು. ಒಂದ್ಸಲ ಅವಸರದಲ್ಲಿ ಅಂಥದ್ದೊಂದು ಸೈಟಲ್ಲಿ ತಗೊಂಡು, 18ರ ಟಿಕೆಟ್‌ಗೆ 46 ಕೊಟ್ಟು, "ಗೈಡ್ ಇರ್ತಾರೆ" ಅಂದಿದ್ದಕ್ಕೆ ಛತ್ರಿ ಹಿಡ್ಕೊಂಡ ಒಬ್ಬ ಹುಡುಗ ಗೇಟ್ ತನಕ ಬಂದು ಟಾಟಾ ಮಾಡಿ ಹೋದ.

ಈಗ ದಿನಗಳಿಗೆ ಬರೋಣ. ಮೊದಲನೇ ದಿನ ಕೊಲೋಸಿಯಂ, ಆದಷ್ಟು ಬೆಳಗಿನ ಸ್ಲಾಟ್, ಯಾಕಂದ್ರೆ ಆಮೇಲೆ ಹೋಗೋ ಫೋರಂನಲ್ಲಿ ನೆರಳು ಅನ್ನೋದೇ ಅಪರೂಪ. ನಮ್ಮಪ್ಪ ಪಿಡಬ್ಲ್ಯೂಡಿ ಎಂಜಿನಿಯರ್ ಆಗಿ ರಿಟೈರ್ ಆದೋರು. ಕೊಲೋಸಿಯಂ ಹೊರಗೋಡೆ ತುಂಬಾ ತೂತು, ಯಾರೋ ಬೇಕಂತಲೇ ಕೊರೆದ ಹಾಗೆ. ಎಲ್ಲರೂ ಸೆಲ್ಫಿ ತೆಗೀತಿದ್ರೆ ಅಪ್ಪ ಆ ತೂತಲ್ಲಿ ಬೆರಳಿಟ್ಟು ನಿಂತಿದ್ರು. ಕಲ್ಲಿಗೂ ಕಲ್ಲಿಗೂ ಮಧ್ಯೆ ಕಬ್ಬಿಣದ ಕ್ಲಾಂಪ್ ಹಾಕಿದ್ರಂತೆ, ಸಾಮ್ರಾಜ್ಯ ಬಿದ್ಮೇಲೆ ಜನ ಆ ಕಬ್ಬಿಣಕ್ಕೋಸ್ಕರ ಒಂದೊಂದೇ ಅಗೆದು ತೆಗೆದಿದ್ದಾರೆ. ಕ್ರಿಸ್ತಶಕ 80ರಲ್ಲಿ ಓಪನ್ ಆದ ಕಟ್ಟಡ, 1349ರ ಭೂಕಂಪದಲ್ಲಿ ದಕ್ಷಿಣದ ಕಡೆ ಕುಸಿದು, ಆ ಕಲ್ಲೂ ಚರ್ಚು ಅರಮನೆ ಕಟ್ಟೋಕೆ ಹೋಯ್ತು. ಅರ್ಧ ಯಾಕಿಲ್ಲ ಅನ್ನೋದಕ್ಕೆ ಅಷ್ಟೇ ಉತ್ತರ. ಫೋರಂನಲ್ಲಿ ಮಾತ್ರ ಏನು ನೋಡ್ತಿದ್ದೀವಿ ಅಂತ ಗೊತ್ತಿಲ್ದಿದ್ರೆ ಅದು ಮುರಿದ ಕಂಬಗಳ ಸೈಟು, ಮನೇಲೇ ಒಂದು ಅರ್ಧ ಗಂಟೆ ಓದ್ಕೊಂಡು ಹೋಗಿ. ಚಿತ್ರದುರ್ಗದ ಹತ್ರ ಚಂದ್ರವಳ್ಳೀಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ ಅಂತ ಸ್ಕೂಲಲ್ಲಿ ಬಾಯಿಪಾಠ ಮಾಡಿದ್ವಲ್ಲ, ಆ ನಾಣ್ಯದ ಮೇಲಿನ ಮುಖದ ರಾಜರು ಓಡಾಡಿದ ಜಾಗ ಇದೇ ಅಂತ ಅಪ್ಪಂಗೆ ಹೇಳಿದ್ಮೇಲೆ ಅವರು ಇನ್ನೊಂದು ಗಂಟೆ ಬಿಸಿಲಲ್ಲಿ ಸುತ್ತಿದ್ರು.

ಸಂಜೆ ಟ್ರೆವಿ ಕಾರಂಜಿ, ಪ್ಯಾಂಥಿಯಾನ್ ಅನ್ನೋ ಹಳೇ ರೋಮನ್ ದೇವಸ್ಥಾನ, ಪಿಯಾಟ್ಸಾ ನವೋನಾ ಚೌಕ. ಮ್ಯಾಪಲ್ಲಿ ದೂರ ಕಂಡ್ರೂ ಒಂದರಿಂದ ಇನ್ನೊಂದಕ್ಕೆ ಐದು ಹತ್ತು ನಿಮಿಷದ ನಡಿಗೆ ಅಷ್ಟೇ. ಟ್ರೆವಿ ಫೋಟೋ ಬೇಕಾದ್ರೆ ಬೆಳಿಗ್ಗೆ ಆರೂವರೆಗೆ ಹೋಗಿ, ಸಂಜೆ ಹೋದ್ರೆ ತಲೆಗಳ ಫೋಟೋ ಬರತ್ತೆ. ಪ್ಯಾಂಥಿಯಾನ್‌ಗೆ 2023ರ ಜುಲೈಯಿಂದ 5 ಯೂರೋ ಟಿಕೆಟ್ ಇಟ್ಟಿದ್ದಾರೆ, ನನ್ನ ಒಂದೇ ಟಿಕೆಟ್ ರೂಲನ್ನ ಇದಕ್ಕೆ ಮಾತ್ರ ಸಡಿಲ ಮಾಡ್ತೀನಿ, ಯಾಕಂದ್ರೆ ಅರ್ಧ ಗಂಟೇಲಿ ಮುಗಿಯತ್ತೆ. ಮುಗಿಬೇಕಿತ್ತು. ಅಪ್ಪ ಒಂದೂಕಾಲು ಗಂಟೆ ಆಚೆ ಬರ್ಲಿಲ್ಲ.

ಅದು ಹೇಡ್ರಿಯನ್ ಚಕ್ರವರ್ತಿ ಕಾಲದ್ದು, ಹತ್ತಿರ ಹತ್ತಿರ 1900 ವರ್ಷ ಹಳೇದು. ಗುಮ್ಮಟದ ಅಡ್ಡಳತೆ 43 ಮೀಟರ್ ಚಿಲ್ಲರೆ, ನೆಲದಿಂದ ಎತ್ತರಾನೂ ಅಷ್ಟೇ, ಅಂದ್ರೆ ಒಳಗೆ ಒಂದು ದೊಡ್ಡ ಚೆಂಡು ಸರಿಯಾಗಿ ಕೂರತ್ತೆ. ಒಳಗಿನ ಅಳತೇಲಿ ನಮ್ಮ ವಿಜಯಪುರದ ಗೋಳಗುಮ್ಮಟಕ್ಕಿಂತ ದೊಡ್ಡದು, ಅದಕ್ಕಿಂತ 1500 ವರ್ಷ ಹಿಂದೆ ಕಟ್ಟಿದ್ದು. "ಕಂಬಿ ಎಲ್ಲಿ ಹಾಕಿದ್ದಾರೆ?" ಅಂದ್ರು ಅಪ್ಪ. ಕಂಬಿ ಇಲ್ಲ, ಬರೀ ಕಾಂಕ್ರೀಟು, ಕಂಬಿ ಇಲ್ದಿರೋ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಪ್ರಪಂಚದಲ್ಲಿ ಇದೇ ದೊಡ್ಡದು ಅಂದೆ. ನಂಬ್ಲಿಲ್ಲ, ನನ್ನ ಫೋನ್ ಕಿತ್ಕೊಂಡು ಓದಿದ್ರು. ಕೆಳಗೆ ಆರು ಮೀಟರ್ ದಪ್ಪ, ಮೇಲೆ ಹೋಗ್ತಾ ಹೋಗ್ತಾ ಒಂದು ಮೀಟರ್ ಚಿಲ್ಲರೆ. ಕೆಳಗಡೆ ಭಾರದ ಜಲ್ಲಿ, ಮೇಲ್ಗಡೆ ನೀರಲ್ಲಿ ತೇಲೋ ಅಂಥ ಹಗುರ ಜ್ವಾಲಾಮುಖಿ ಕಲ್ಲಿನ ಜಲ್ಲಿ. ನೆತ್ತೀಲಿ ಮುಚ್ಚಳಾನೇ ಇಲ್ಲ, ದೊಡ್ಡ ಗುಂಡನೆ ತೂತು. ನಾವಿದ್ದಾಗ್ಲೇ ಮಳೆ ಶುರುವಾಯ್ತು, ನಡುಮಧ್ಯೆ ಹಗ್ಗ ಕಟ್ಟಿ ಜನರನ್ನ ಪಕ್ಕಕ್ಕೆ ಸರಿಸಿದ್ರು, ಮಳೆ ಒಂದು ಕಂಬದ ಥರ ಅಷ್ಟೆತ್ತರದಿಂದ ನೇರ ನೆಲಕ್ಕೆ ಬೀಳ್ತಿತ್ತು, ನೆಲ ಮಧ್ಯದಲ್ಲಿ ಚೂರು ಉಬ್ಬಿದೆ, ನೀರು ಹರಿದು ಅಮೃತಶಿಲೇಲಿ ಕೊರೆದಿರೋ ಸಣ್ಣ ಸಣ್ಣ ತೂತಲ್ಲಿ ಇಳಿದು ಹೋಗತ್ತೆ. ಎಲ್ಲರೂ ಮೇಲೆ ನೋಡ್ತಿದ್ರೆ ಅಪ್ಪ ಬಗ್ಗಿ ಆ ತೂತುಗಳನ್ನ ಎಣಿಸ್ತಿದ್ರು. ಹೋಟೆಲ್‌ಗೆ ವಾಪಸ್ ಬರ್ತಾ ದಾರಿಯುದ್ದಕ್ಕೂ ಅವರದ್ದು ಒಂದೇ ಮಾತು, "ಸೆಂಟ್ರಿಂಗ್ ಹೆಂಗ್ ಹೊಡೆದ್ರಪ್ಪಾ ಇದಕ್ಕೆ."

ಊಟದ ವಿಷ್ಯ, ಇದು ಪ್ರಶ್ನೆಯ ಎರಡನೇ ಭಾಗ, ಎಲ್ಲರೂ ಕೇಳೋದು. ವೆಜ್‌ನವರಿಗೆ ಯೂರೋಪಲ್ಲಿ ಇಟಲಿಯಷ್ಟು ಸುಲಭದ ದೇಶ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಪಿಜ್ಜಾ ಮರಿನಾರಾ ಅಂದ್ರೆ ಟೊಮೇಟೋ, ಬೆಳ್ಳುಳ್ಳಿ, ಎಣ್ಣೆ, ಅಷ್ಟೇ, ಚೀಸ್ ಕೂಡ ಇಲ್ಲ. ಬೀದೀಲಿ ಪಿಜ್ಜಾನ ಕತ್ತರೀಲಿ ಕತ್ತರಿಸಿ ತೂಕಕ್ಕೆ ಮಾರ್ತಾರೆ, ಎಷ್ಟು ಬೇಕು ಅಂತ ಕೈಯಲ್ಲಿ ತೋರಿಸಿದ್ರೆ ಸಾಕು. ಕಟ್ಟುನಿಟ್ಟಿನವರಿಗೆ ಒಂದು ಮಾತು, ಪೆಕೊರಿನೋ ಚೀಸ್ ಮಾಡೋಕೆ ಕುರಿಮರಿಯ ಹೊಟ್ಟೆಯ ರೆನೆಟ್ (ಹಾಲು ಒಡೆಸೋ ರಸ) ಹಾಕ್ತಾರೆ, ಹಂಗಾಗಿ ಆ ಚೀಸ್ ಹಾಕೋ ರೋಮ್‌ನ ಫೇಮಸ್ ಕಾಚೋ ಎ ಪೇಪೆ ಪಾಸ್ತಾ ನೋಡೋಕೆ ವೆಜ್, ಲೆಕ್ಕದಲ್ಲಿ ಅಲ್ಲ. ಇದನ್ನ ಅಮ್ಮಂಗೆ ಹೇಳಿಲ್ಲ, ನೀವೂ ಹೇಳ್ಬೇಡಿ. ಅನ್ನ ಸಾರಿಲ್ದೆ ಆಗಲ್ಲ ಅನ್ನೋರು ಕಿಚನ್ ಇರೋ ರೂಮ್ ತಗೊಂಡು, ತೆರ್ಮಿನಿ ಸ್ಟೇಷನ್ ಹತ್ರ ಎಸ್ಕ್ವಿಲಿನೋ ಮಾರ್ಕೆಟ್‌ಗೆ ಹೋಗಿ, ಬಾಂಗ್ಲಾದವರ ಅಂಗಡೀಲಿ ಬೆಂಡೆಕಾಯಿ, ಹಸಿಮೆಣಸಿನಕಾಯಿ ಎಲ್ಲಾ ಸಿಗತ್ತೆ.

ಅಮ್ಮಂಗೆ ರೋಮ್ ಹಿಡಿಸಿದ್ದು ಮಾತ್ರ ಕಾಫಿ ಅಂಗಡೀಲಿ. ಅಲ್ಲಿ ಅದಕ್ಕೆ ಬಾರ್ ಅಂತಾರೆ, ಆ ಹೆಸರು ಕೇಳಿ ಮೊದಲು ಒಳಗೆ ಬರಲ್ಲ ಅಂದಿದ್ಲು. ತುಂಬಾ ಕಡೆ ಮೊದಲು ಕ್ಯಾಶ್ ಕೌಂಟರಲ್ಲಿ ದುಡ್ಡು ಕೊಟ್ಟು, ಚೀಟಿ ತಗೊಂಡು ಆ ಕಡೆ ಕೌಂಟರಲ್ಲಿ ಕೊಟ್ರೆ, ನಿಂತ್ಕೊಂಡೇ ಕುಡಿದು ಎರಡು ನಿಮಿಷದಲ್ಲಿ ಆಚೆ. "ಅಯ್ಯೋ, ಇದು ನಮ್ಮ ದರ್ಶಿನಿ ಕಣೋ!" ಅಂದ್ಲು. ನಿಂತು ಕುಡಿದ್ರೆ ಒಂದೂಕಾಲು, ಒಂದೂವರೆ ಯೂರೋ, ಅದೇ ಕಾಫಿ ಕೂತು ಕುಡಿದ್ರೆ ಟೂರಿಸ್ಟ್ ಜಾಗದಲ್ಲಿ ನಾಲ್ಕೈದು ಆಗ್ಬಹುದು. ಮಾರನೇ ದಿನದಿಂದ ಚೀಟಿ ತರೋ ಡ್ಯೂಟಿ ಅಮ್ಮಂದೇ, ಎರಡು ಬೆರಳು ತೋರಿಸಿ "ದುಯೇ ಕಪ್ಪುಚ್ಚಿನೋ" ಅಂತ ಧೈರ್ಯವಾಗಿ ಹೇಳ್ತಿದ್ಲು.

ಇನ್ನೊಂದು, ನೀರಿನ ಬಾಟಲ್ ಕೊಂಡ್ಕೊಬೇಡಿ. ಬೀದಿ ಬೀದೀಲಿ ಮೂಗಿನ ಥರ ನಲ್ಲಿ ಇರೋ ಕಬ್ಬಿಣದ ಗಿಡ್ಡ ಕಂಬ ಇರತ್ತೆ, ಅದಕ್ಕೆ ನಸೋನೆ ಅಂತಾನೇ ಹೆಸರು, ಅಂದ್ರೆ ದೊಡ್ಡ ಮೂಗು, ಹಗಲು ರಾತ್ರಿ ತಣ್ಣಗಿನ ಕುಡಿಯೋ ನೀರು ಬರ್ತಾನೇ ಇರತ್ತೆ. ನಲ್ಲಿ ಬಾಯಿಗೆ ಕೆಳಗಿಂದ ಬೆರಳು ಒತ್ತಿ ಹಿಡಿದ್ರೆ ಮೇಲೆ ಇರೋ ಸಣ್ಣ ತೂತಿಂದ ನೀರು ಕಾರಂಜಿ ಥರ ಚಿಮ್ಮತ್ತೆ, ಬಗ್ಗದೇ ಕುಡೀಬಹುದು. ಮೊದಲನೇ ಸಲ ಒತ್ತುವಾಗ ಮುಖ ದೂರ ಇಟ್ಕೊಳ್ಳಿ.

ಎರಡನೇ ದಿನ ವ್ಯಾಟಿಕನ್. ಭಾನುವಾರ ಮ್ಯೂಸಿಯಂ ರಜ, ತಿಂಗಳ ಕೊನೇ ಭಾನುವಾರ ಮಾತ್ರ ತೆಗೆದಿರತ್ತೆ, ಅದೂ ಫ್ರೀ, ಆ ಫ್ರೀ ದಿನ ಹೋಗ್ಲೇಬೇಡಿ, ವೈಕುಂಠ ಏಕಾದಶಿ ಕ್ಯೂ ನೆನಪಾಗತ್ತೆ. ಬುಧವಾರ ಬೆಳಿಗ್ಗೆ ಪೋಪ್ ಸಭೆ ಇರತ್ತೆ, ಸೇಂಟ್ ಪೀಟರ್ಸ್ ಕಡೆ ಓಡಾಟ ಕಷ್ಟ. ಮ್ಯೂಸಿಯಂಗೂ ಸೇಂಟ್ ಪೀಟರ್ಸ್ ಚರ್ಚ್‌ಗೂ ಬೇರೆ ಬೇರೆ ಬಾಗಿಲು, ಗೋಡೆ ಸುತ್ತಿ ನಡೀಬೇಕು. ಚರ್ಚ್‌ಗೆ ದುಡ್ಡಿಲ್ಲ, ಸೆಕ್ಯೂರಿಟಿ ಕ್ಯೂ ಅಷ್ಟೇ. ಭುಜ, ಮಂಡಿ ಮುಚ್ಚಿರ್ಬೇಕು. ಸೀರೆ ಮೇಲೆ ಸ್ಪೋರ್ಟ್ಸ್ ಶೂ ಹಾಕಿದ್ದ ಅಮ್ಮ ಆರಾಮಾಗಿ ಒಳಗೆ ಹೋದ್ಲು, ಶಾರ್ಟ್ಸಲ್ಲಿದ್ದ ನನ್ನನ್ನ ನಿಲ್ಲಿಸಿದ್ರು. ಅಮ್ಮನ ಶಾಲನ್ನ ಪಂಚೆ ಥರ ಸುತ್ಕೊಂಡು ಹೋದೆ, ಆ ಫೋಟೋ ಫ್ಯಾಮಿಲಿ ಗ್ರೂಪಲ್ಲಿದೆ. ಗುಮ್ಮಟ ಹತ್ತೋಕೆ ಒಟ್ಟು 551 ಮೆಟ್ಲು, ಲಿಫ್ಟ್ ತಗೊಂಡ್ರೂ 320 ಹತ್ತಲೇಬೇಕು, ಕೊನೇಲಿ ಗೋಡೆ ವಾಲಿರೋ ಕಡೆ ನಾವೂ ವಾಲ್ಕೊಂಡು ಹತ್ತೋದು. ಮಂಡಿ ನೋವಿನವರು ಕೆಳಗೇ ಇರಿ.

ಚಿಲ್ಲರೆ ವಿಷ್ಯಗಳು: ಫ್ಯೂಮಿಚೀನೋ ಏರ್‌ಪೋರ್ಟಿಂದ ತೆರ್ಮಿನಿಗೆ ಲಿಯೊನಾರ್ಡೊ ಎಕ್ಸ್‌ಪ್ರೆಸ್ ಟ್ರೇನಲ್ಲಿ 32 ನಿಮಿಷ, 14 ಯೂರೋ, ನಾಲ್ಕು ಜನ ಇದ್ರೆ ಫಿಕ್ಸೆಡ್ ರೇಟ್ ಬಿಳಿ ಟ್ಯಾಕ್ಸೀನೇ ವಾಸಿ. ಬೀದಿಗೆಲ್ಲ ಕಪ್ಪು ಕಲ್ಲಿನ ತುಂಡು ಹಾಸಿದ್ದಾರೆ, ಟ್ರಾಲಿ ಬ್ಯಾಗ್ ಚಕ್ರ ಅಲ್ಲೇ ಹೋಗೋದು. ಮೆಟ್ರೋಲಿ, 64ನೇ ನಂಬರ್ ಬಸ್ಸಲ್ಲಿ ಪರ್ಸ್ ಮುಂದಿನ ಜೇಬಿಗೆ. ಸ್ಪ್ಯಾನಿಷ್ ಸ್ಟೆಪ್ಸ್ ಅನ್ನೋ ಫೇಮಸ್ ಮೆಟ್ಲುಗಳ ಮೇಲೆ ಕೂತ್ರೆ 2019ರಿಂದ ಫೈನ್. ಆಗಸ್ಟ್ ಬೇಡ, ಉರಿಬಿಸಿಲು, ಅರ್ಧ ಊರಿನವರೇ ಬೀಗ ಹಾಕ್ಕೊಂಡು ರಜಕ್ಕೆ ಹೋಗಿರ್ತಾರೆ.

ಮೂರನೇ ದಿನಕ್ಕೆ ಎಲ್ಲರದ್ದೂ ಒಂದೇ ಪ್ಲಾನು: "ಫ್ಲಾರೆನ್ಸ್ ಒಂದೂವರೆ ಗಂಟೆ ಅಂತೆ ಟ್ರೇನಲ್ಲಿ, ಹೋಗಿ ಬಂದ್ಬಿಡ್ಲಾ?" ಟ್ರೇನೇನೋ ನಿಜವಾಗ್ಲೂ ಒಂದೂವರೆ ಗಂಟೆ. ಹೋಗ್ಬೇಡಿ. ಬೆಳಿಗ್ಗೆ ಬೋರ್ಗೇಸೆ ಗ್ಯಾಲರಿ ಬುಕ್ ಮಾಡಿ, ಸೋಮವಾರ ರಜ, ಒಬ್ಬೊಬ್ಬರಿಗೂ ಎರಡೇ ಗಂಟೆ ಸ್ಲಾಟ್, ಬೆರ್ನಿನಿ ಕೆತ್ತಿದ, ಮರವಾಗ್ತಿರೋ ಹುಡುಗಿ ಡ್ಯಾಫ್ನಿಯ ಬೆರಳ ತುದೀಲಿ ಎಲೆ ಚಿಗುರೋದನ್ನ ಹತ್ತಿರದಿಂದ ನೋಡಿ, ಬೇಲೂರಿನವರಿಗೆ ಇದು ಬೇಗ ಅರ್ಥ ಆಗತ್ತೆ. ಮಧ್ಯಾಹ್ನ ರೂಮಿಗೆ ಬಂದು ಮಲಗಿ. ಸಂಜೆ ಅವೆಂಟೈನ್ ಗುಡ್ಡದ ಕಿತ್ತಳೆ ತೋಟ, ಪೂರ್ತಿ ಫ್ರೀ, ಅಲ್ಲಿಂದ ನದಿ, ಊರು ಎಲ್ಲಾ ಕಾಣತ್ತೆ. ಅದರ ಪಕ್ಕದಲ್ಲೇ ಮಾಲ್ಟಾ ನೈಟ್ಸ್ ಅನ್ನೋ ಹಳೇ ಕ್ಯಾಥೊಲಿಕ್ ಸಂಘದವರ ಹಸಿರು ಬಾಗಿಲು, ಅದರ ಬೀಗದ ತೂತಲ್ಲಿ ಕಣ್ಣಿಟ್ರೆ ಎರಡು ಸಾಲು ಬೇಲಿ ಮಧ್ಯೆ ಸರಿಯಾಗಿ ಸೇಂಟ್ ಪೀಟರ್ಸ್ ಗುಮ್ಮಟ ಕೂತಿರತ್ತೆ. ಇಪ್ಪತ್ತು ನಿಮಿಷ ಕ್ಯೂ ನಿಂತ್ವಿ. ಅಮ್ಮ ಕಣ್ಣಿಟ್ಟು ಐದು ಸೆಕೆಂಡಲ್ಲಿ ಎದ್ದು "ನಿನ್ನೆ ನೋಡಿದ್ದೇ ಅಲ್ವೇನೋ ಇದು" ಅಂತ ಹೇಳಿ, ಕೆಳಗೆ ಬಿದ್ದಿದ್ದ ಒಂದು ಕಿತ್ತಳೆ ಎತ್ಕೊಂಡು ಬಂದಿದ್ಲಲ್ಲ, ಅದನ್ನ ಸುಲಿಯೋಕೆ ಶುರು ಮಾಡಿದ್ಲು. ಹೇರಳೆಕಾಯಿಗಿಂತ ಕಹಿ ಇತ್ತು. ಉಪ್ಪಿನಕಾಯಿಗೆ ಆಗತ್ತೆ ಅಂದ್ಲು.