ಬೋರ್ಡ್ ಇಟ್ಟರೆ ಫಾಲ್ಟ್ ತೋರಿಸುವ ಮೆಷಿನ್ ಯಾವುದು?

ನಾನು ಬೆಂಗಳೂರಿನ ಪೀಣ್ಯದಲ್ಲಿ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ರಿಪೇರಿ ಮಾಡುತ್ತೇನೆ. ವಿಎಫ್‌ಡಿ (ಮೋಟಾರ್ ವೇಗ ಹೆಚ್ಚುಕಮ್ಮಿ ಮಾಡುವ ಡ್ರೈವ್) ಕಾರ್ಡ್, ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಮೆಷಿನ್ನಿನ ಪವರ್ ಸಪ್ಲೈ, ಯುಪಿಎಸ್, ನಡುವೆ ಪರಿಚಯದವರ ವಾಷಿಂಗ್ ಮೆಷಿನ್. ಡಿಪ್ಲೊಮಾ ಮುಗಿಸಿ ಅಂಗಡಿ ಹಾಕಬೇಕು ಅನ್ನುವ ಹುಡುಗರಿಂದ ಹಿಡಿದು ಫ್ಯಾಕ್ಟರಿ ಮೇಂಟೆನೆನ್ಸ್‌ನವರ ತನಕ ಎಲ್ಲರೂ ಕೇಳುವುದು ಒಂದೇ. "ಸಾರ್, ಬೋರ್ಡ್ ಇಟ್ಟರೆ ಎಲ್ಲಿ ಹೋಗಿದೆ ಅಂತ ತೋರಿಸೋ ಮೆಷಿನ್ ಇದೆಯಂತಲ್ಲ, ಯಾವುದು ತಗೊಳ್ಳಲಿ?"

ಇದೆ. ಆದರೆ ನಿಮಗೆ ಅದು ಬೇಡ.

ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆ ಹೊಸ ಬೋರ್ಡ್ ತಯಾರಿಸುವ ಫ್ಯಾಕ್ಟರಿಗಳಿವೆ. ಅಂಥ ಕಡೆ ಬಳಸುವ ಒಂದು ಟೆಸ್ಟರ್‌ನಲ್ಲಿ ನೂರಾರು ಸ್ಪ್ರಿಂಗ್ ಪಿನ್‌ಗಳು ಒಟ್ಟಿಗೆ ಬೋರ್ಡ್ ಮೇಲೆ ಕೂರುತ್ತವೆ. ಇನ್ನೊಂದರಲ್ಲಿ ಎರಡು ನಾಲ್ಕು ಸೂಜಿಗಳು ಓಡಾಡಿಕೊಂಡು ಅಳೆಯುತ್ತವೆ. ಕ್ಯಾಮೆರಾದಲ್ಲಿ ಸೋಲ್ಡರ್ ನೋಡುವುದು ಮತ್ತೊಂದು. ಬಿಜಿಎ, ಅಂದರೆ ಕಾಲಿನ ಬದಲು ಅಡಿಯಲ್ಲೇ ಸೋಲ್ಡರ್ ಗುಂಡುಗಳಿರುವ ಐಸಿಯ (ಚಿಪ್‌ನ) ಅಡಿ ಏನಾಗಿದೆ ಅಂತ ನೋಡಲು ಎಕ್ಸ್-ರೇ. ಎಲ್ಲಾ ಒಳ್ಳೆಯವೇ. ಆದರೆ ಇವುಗಳಿಗೆ ಆ ಬೋರ್ಡಿನ ಡಿಸೈನ್ ಫೈಲ್ ಇಲ್ಲವೇ ಒಂದು ಒಳ್ಳೆಯ ಬೋರ್ಡ್ ಮೊದಲೇ ಕೊಟ್ಟಿರಬೇಕು. ಯಾವ ಪಾರ್ಟ್ ಎಲ್ಲಿದೆ, ಎಷ್ಟು ಓಮ್ ಬರಬೇಕು ಅಂತ ಗೊತ್ತಿದ್ದರೆ ತಾನೇ ತಪ್ಪು ಯಾವುದು ಅಂತ ಹೇಳಲು ಸಾಧ್ಯ? ನಮ್ಮ ಟೇಬಲ್ಲಿಗೆ ಬರುವುದು ಹತ್ತು ಹದಿನೈದು ವರ್ಷ ಹಳೆಯ ಕಾರ್ಡ್. ಸರ್ಕ್ಯೂಟ್ ಡಯಾಗ್ರಾಂ ಇಲ್ಲ. ಕೆಲವದರಲ್ಲಿ ಐಸಿ ನಂಬರನ್ನೂ ಬೇಕಂತಲೇ ಉಜ್ಜಿ ಹಾಕಿರುತ್ತಾರೆ.

ಹಾಗಾಗಿ ನನ್ನ ಉತ್ತರ ಕೇಳಿ ತುಂಬಾ ಜನಕ್ಕೆ ನಿರಾಸೆ ಆಗುತ್ತದೆ. ಒಳ್ಳೆಯ ಮಲ್ಟಿಮೀಟರ್ ಒಂದು, ಕರೆಂಟ್ ಲಿಮಿಟ್ ಇರುವ ಆರ್‌ಪಿಎಸ್ (ಬೇಕಾದಷ್ಟು ಡಿಸಿ ವೋಲ್ಟ್ ಇಟ್ಟುಕೊಳ್ಳುವ ಪವರ್ ಸಪ್ಲೈ) ಒಂದು, ಗೋಡೆಗೆ ಒಂದು ಸೀರೀಸ್ ಬಲ್ಬ್. ಸಿಆರ್‌ಒ, ಅಂದರೆ ಸಿಗ್ನಲ್‌ನ ಅಲೆಯನ್ನು ಸ್ಕ್ರೀನಿನಲ್ಲಿ ತೋರಿಸುವ ಆಸಿಲೋಸ್ಕೋಪ್, ಆಮೇಲೆ. ಹುಡುಗರು ಉಲ್ಟಾ ಮಾಡುತ್ತಾರೆ. ಮೊದಲು ಸಿಆರ್‌ಒ ತಂದು ಟೇಬಲ್ ಮೇಲೆ ಇಡುತ್ತಾರೆ, ನೋಡೋಕೆ ಚೆನ್ನಾಗಿರುತ್ತೆ ಅಲ್ವಾ.

ಕಣ್ಣು ಇವೆಲ್ಲಕ್ಕಿಂತ ಮೊದಲು. ಭೂತಗನ್ನಡಿಯಲ್ಲಿ ಬೋರ್ಡನ್ನು ಎರಡೂ ಕಡೆ ನಿಧಾನವಾಗಿ ನೋಡಿ. ಮನೆಯಿಂದ ಬರುವ ಬೋರ್ಡಿನಲ್ಲಿ ಹಲ್ಲಿ ಸುಟ್ಟು ಅಂಟಿಕೊಂಡಿರುತ್ತದೆ, ರಿಲೇ ಒಳಗೆ ಇರುವೆ ಸೇರಿರುತ್ತದೆ. ಭಾರದ ಪಾರ್ಟ್‌ಗಳ ಕಾಲಿನ ಸುತ್ತ ಸಣ್ಣ ಉಂಗುರದಂಥ ಬಿರುಕು ಕಂಡರೆ ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿಟ್ಟಿದೆ. ಇದಕ್ಕೆಲ್ಲ ಮೆಷಿನ್ ಏನೂ ಬೇಡ.

ಸೀರೀಸ್ ಬಲ್ಬ್ ಗೊತ್ತಿಲ್ಲದವರಿಗೆ: ಹಳೆ ಕಾಲದ 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಮೇನ್ಸ್ ಲೈನಿಗೆ ಸೀರೀಸ್‌ನಲ್ಲಿ ಹಾಕಿ, ಅದರ ಮೂಲಕ ಬೋರ್ಡಿಗೆ ಕರೆಂಟ್ ಕೊಡುವುದು. ಬೋರ್ಡಿನಲ್ಲಿ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೋರ್ಡ್ ಉಳಿಯುತ್ತದೆ. ಸರಿ ಇದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗಲ್ಲ.

ಈಗ ಆರ್‌ಪಿಎಸ್ ವಿಷಯ. ಅದನ್ನು ಯಾಕೆ ಅಷ್ಟು ಮೇಲೆ ಇಟ್ಟೆ ಅಂತ ಹೇಳುತ್ತೇನೆ. ಒಂದು ಕಂಟ್ರೋಲ್ ಕಾರ್ಡಿನ 3.3 ವೋಲ್ಟ್ ಲೈನ್ ಶಾರ್ಟ್ ಆಗಿದೆ ಅಂದುಕೊಳ್ಳಿ. ಆ ಲೈನಿಗೂ ಗ್ರೌಂಡಿಗೂ ನಡುವೆ ಐವತ್ತು ಸೆರಾಮಿಕ್ ಕೆಪಾಸಿಟರ್ ಇವೆ, ಐದಾರು ಐಸಿ ಇವೆ. ಮೀಟರ್ ಎಲ್ಲಿ ಇಟ್ಟರೂ ಬೀಪ್ ಅನ್ನುತ್ತದೆ. ಎಲ್ಲವೂ ಪ್ಯಾರಲಲ್ ಅಲ್ವಾ. ಒಂದೊಂದೇ ಕಿತ್ತು ನೋಡುವವರಿದ್ದಾರೆ. ಬೋರ್ಡ್ ಹಾಳು ಮಾಡಲು ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆರ್‌ಪಿಎಸ್‌ನಲ್ಲಿ 1 ವೋಲ್ಟ್ ಇಡಿ. ಕರೆಂಟ್ ಲಿಮಿಟ್ ಅರ್ಧ ಆಂಪ್‌ನಿಂದ ಶುರು ಮಾಡಿ. ಪ್ಲಸ್ ವೈರನ್ನು ಆ 3.3 ಲೈನಿಗೆ, ಮೈನಸ್ ವೈರನ್ನು ಗ್ರೌಂಡಿಗೆ ಕೊಟ್ಟು, ಬೋರ್ಡ್ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ತೆಳುವಾಗಿ ಹಚ್ಚಿ. ಹತ್ತಿರದಲ್ಲಿ ಸೋಲ್ಡರಿಂಗ್ ಐರನ್ ಬಿಸಿ ಇರಬಾರದು, ಬೆಂಕಿ ಹತ್ತುತ್ತದೆ. ಕರೆಂಟನ್ನು ಮೆಲ್ಲಗೆ ಏರಿಸುತ್ತಾ ಹೋಗಿ, ಎರಡು ಆಂಪ್ ತನಕ. ಶಾರ್ಟ್ ಆಗಿರುವ ಪಾರ್ಟಿನ ಮೇಲಿನ ಒದ್ದೆ ಮೊದಲು ಒಣಗುತ್ತದೆ. ಎಷ್ಟೋ ಸಲ ಅದು ಸ್ಕ್ರೂ ತೂತಿನ ಪಕ್ಕದ ಕೆಪಾಸಿಟರ್ ಆಗಿರುತ್ತದೆ. ಸ್ಕ್ರೂ ಬಿಗಿ ಮಾಡುವಾಗ ಬೋರ್ಡ್ ಬಾಗಿದರೆ ಸೆರಾಮಿಕ್ ಬಿರುಕು ಬಿಡುತ್ತದೆ. ಆ ಲೈನಿನ ಮಾಮೂಲಿ ವೋಲ್ಟೇಜ್ ಮಾತ್ರ ಯಾವತ್ತೂ ದಾಟಬಾರದು. ದಾಟಿದರೆ ಇನ್ನೂ ಬದುಕಿರುವ ಐಸಿಯೂ ಹೋಗುತ್ತದೆ.

ಕೆಲವು ಸಲ ಎರಡು ಆಂಪ್ ಕೊಟ್ಟರೂ ಏನೂ ಬಿಸಿಯಾಗಲ್ಲ. ಆರ್‌ಪಿಎಸ್‌ನಲ್ಲಿ ವೋಲ್ಟ್ 0.05 ತೋರಿಸುತ್ತಿರುತ್ತದೆ. ಅಂದರೆ ದಾರಿಯೆಲ್ಲಾ ಸೇರಿ ಬರೀ 25 ಮಿಲಿಓಮ್, ಶಾಖ 0.1 ವ್ಯಾಟ್. ಬೆರಳಿಗೂ ತಿಳಿಯಲ್ಲ. ಆಗ ಕರೆಂಟ್ ಹರಿಯುತ್ತಿರುವಾಗಲೇ ಮೀಟರನ್ನು ಮಿಲಿವೋಲ್ಟ್‌ಗೆ ಹಾಕಿ. ಕಪ್ಪು ಪ್ರೋಬನ್ನು ಗ್ರೌಂಡ್ ವೈರ್ ಕೊಟ್ಟ ಜಾಗದಲ್ಲಿ ಇಟ್ಟು, ಕೆಂಪು ಪ್ರೋಬನ್ನು ಲೈನಿನ ಉದ್ದಕ್ಕೂ ಹೆಜ್ಜೆ ಹೆಜ್ಜೆಯಾಗಿ ಮುಂದೆ ಸರಿಸಿ. ಶಾರ್ಟ್ ಕಡೆಗೆ ಹೋದಂತೆ ಮಿಲಿವೋಲ್ಟ್ ಇಳಿಯುತ್ತಾ ಹೋಗುತ್ತದೆ. ಶಾರ್ಟ್ ದಾಟಿದ ಮೇಲೆ ಇಳಿಯುವುದು ನಿಲ್ಲುತ್ತದೆ, ಯಾಕೆಂದರೆ ಅದರಿಂದಾಚೆ ಕರೆಂಟೇ ಹೋಗುತ್ತಿಲ್ಲ. ಎಲ್ಲಿ ನಿಂತಿತೋ ಅಲ್ಲೇ ಕಳ್ಳ.

ಥರ್ಮಲ್ ಕ್ಯಾಮೆರಾ ಇದ್ದರೆ ಈ ಕೆಲಸ ಬೇಗ ಆಗುತ್ತದೆ, ನಿಜ. ದುಡ್ಡಿದ್ದರೆ ತಗೊಳ್ಳಿ. ಆದರೆ ಹೊಳೆಯುವ ಲೋಹ ಬಿಸಿ ಇದ್ದರೂ ಅದರಲ್ಲಿ ತಣ್ಣಗೆ ಕಾಣುತ್ತದೆ. ಮೇಲೆ ಒಂಚೂರು ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯುವ ಹಳದಿ ಟೇಪ್) ಅಂಟಿಸಿ ನೋಡಬೇಕು.

ನಾಲ್ಕನೆಯದಾಗಿ ಇಎಸ್‌ಆರ್ ಮೀಟರ್, ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್ ಅಳೆಯುವುದು. "ಕರೆಂಟ್ ಹೋಗಿ ಬಂತು ಸಾರ್, ಆಮೇಲೆ ಆನೇ ಆಗ್ತಿಲ್ಲ, ವೋಲ್ಟೇಜ್ ಜಾಸ್ತಿ ಬಂದಿರಬೇಕು" ಅಂತ ಬರುವ ಕೇಸ್‌ಗಳಲ್ಲಿ ಬಹಳಷ್ಟು ಸಲ ವೋಲ್ಟೇಜ್ ಜಾಸ್ತಿ ಬಂದಿರಲ್ಲ. ಎಸ್‌ಎಮ್‌ಪಿಎಸ್ (ವೇಗವಾಗಿ ಆನ್-ಆಫ್ ಆಗುತ್ತಾ ಮೇನ್ಸನ್ನು ಸಣ್ಣ ಡಿಸಿ ಮಾಡುವ ಪವರ್ ಸಪ್ಲೈ) ಕಂಟ್ರೋಲ್ ಐಸಿಯ ಪಕ್ಕ 22 ಅಥವಾ 47 ಮೈಕ್ರೋಫ್ಯಾರಡ್‌ನ ಒಂದು ಚಿಕ್ಕ ಕೆಪಾಸಿಟರ್ ಇರುತ್ತದೆ. ಹೀಟ್ ಸಿಂಕ್ ಬಿಸಿಗೆ ಅದು ವರ್ಷಗಟ್ಟಲೆ ಒಣಗುತ್ತಾ ಬಂದಿರುತ್ತದೆ. ಮೆಷಿನ್ ಓಡುತ್ತಿರುವ ತನಕ ಗೊತ್ತಾಗಲ್ಲ. ಒಮ್ಮೆ ಆಫ್ ಆದರೆ ಮತ್ತೆ ಸ್ಟಾರ್ಟ್ ಆಗುವಷ್ಟು ತಾಕತ್ತು ಅದಕ್ಕಿಲ್ಲ. ಸಾದಾ ಮೀಟರಿನಲ್ಲಿ ಅದರ ಕೆಪಾಸಿಟಿ ಹೆಚ್ಚುಕಮ್ಮಿ ಸರಿಯಾಗೇ ತೋರಿಸಬಹುದು. ಇಎಸ್‌ಆರ್ ಮೀಟರಿನಿಂದ 100 ಕಿಲೋಹರ್ಟ್ಸ್‌ನಲ್ಲಿ ಅಳೆದಾಗ ಬಣ್ಣ ಬಯಲಾಗುತ್ತದೆ. ಅಳೆಯುವ ಮುಂಚೆ ದೊಡ್ಡ ಕೆಪಾಸಿಟರನ್ನು ರೆಸಿಸ್ಟರ್ ಹಾಕಿ ಖಾಲಿ ಮಾಡಿ. 230 ವೋಲ್ಟ್ ಎಸಿ ರೆಕ್ಟಿಫೈ ಆದ ಮೇಲೆ ಅಲ್ಲಿ ಕೂತಿರುವುದು ಸುಮಾರು 325 ವೋಲ್ಟ್ ಡಿಸಿ.

ಆಮೇಲೆ ಸಿಆರ್‌ಒ. ರಿಪಲ್ (ಡಿಸಿ ಮೇಲಿನ ಅಲೆ) ನೋಡಲು, ಕ್ಲಾಕ್ ಕೊಡುವ ಕ್ರಿಸ್ಟಲ್ ಓಡುತ್ತಿದೆಯಾ ಅಂತ ತಿಳಿಯಲು, ಟ್ರಾನ್ಸಿಸ್ಟರನ್ನು ಆನ್-ಆಫ್ ಮಾಡುವ ಗೇಟ್ ಪಲ್ಸ್ ನೋಡಲು ಬೇಕೇ ಬೇಕು. ಆದರೆ ಎಸ್‌ಎಮ್‌ಪಿಎಸ್‌ನ ಮೇನ್ಸ್ ಕಡೆ ಅದರ ಗ್ರೌಂಡ್ ಕ್ಲಿಪ್ ಹಾಕಬೇಡಿ. ಆ ಕ್ಲಿಪ್ ಒಳಗಿಂದ ಅರ್ತಿಂಗ್‌ಗೆ ಸೇರಿರುತ್ತದೆ. ಹಾಕಿದ ಕೂಡಲೇ ಢಮಾರ್. ಬೋರ್ಡಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಮೇನ್ಸ್‌ನಿಂದ ಬೇರೆ ಮಾಡುವುದು) ಕೊಡಿ, ಇಲ್ಲವೇ ಎರಡು ಜಾಗದ ನಡುವಿನ ವೋಲ್ಟ್ ಮಾತ್ರ ನೋಡುವ ಡಿಫರೆನ್ಷಿಯಲ್ ಪ್ರೋಬ್ ಬಳಸಿ. ಲಾಜಿಕ್ ಅನಲೈಸರ್ ಬಗ್ಗೆಯೂ ಕೇಳುತ್ತಾರೆ. ಡಿಸ್‌ಪ್ಲೇ, ಮೆಮೊರಿ ಜೊತೆ ಪ್ರೊಸೆಸರ್ ಮಾತಾಡುತ್ತಿದೆಯಾ ಅಂತ ನೋಡಲು ಚಿಕ್ಕದೊಂದು ಸಾಕು.

ನೀವು ಕೇಳುವ ಮೆಷಿನ್‌ಗೆ ಹತ್ತಿರ ಬರುವುದು ವಿ-ಐ (ವೋಲ್ಟೇಜ್-ಕರೆಂಟ್) ಟೆಸ್ಟರ್. ಹಂಟ್ರಾನ್ ಅನ್ನುವ ಅಮೆರಿಕನ್ ಕಂಪನಿಯ ಟ್ರ್ಯಾಕರ್ ಇದರಲ್ಲಿ ಹಳೆಯ ಹೆಸರು. ಚೆನ್ನೈನ ಕ್ಯೂಮ್ಯಾಕ್ಸ್ ಕೂಡ ಈ ಥರದ್ದು ಮಾಡುತ್ತದೆ. ಬೋರ್ಡಿಗೆ ಪವರ್ ಕೊಡುವ ಹಾಗಿಲ್ಲ. ಪ್ರತಿ ಪಿನ್‌ಗೂ ಸಣ್ಣ ಎಸಿ ಕೊಟ್ಟು, ವೋಲ್ಟಿಗೆ ಕರೆಂಟ್ ಎಷ್ಟು ಅಂತ ಸ್ಕ್ರೀನಿನಲ್ಲಿ ಗೆರೆ ಬರೆಯುತ್ತದೆ. ಶಾರ್ಟ್ ಆದರೆ ನೆಟ್ಟಗೆ ನಿಂತ ಗೆರೆ, ಓಪನ್ ಆದರೆ ಮಲಗಿದ ಗೆರೆ. ರೆಸಿಸ್ಟರ್ ಓರೆ, ಕೆಪಾಸಿಟರ್ ಮೊಟ್ಟೆ ಆಕಾರ, ಡಯೋಡ್ ಮಂಡಿ ಮಡಚಿದಂತೆ. ಇದನ್ನೂ ಒಳ್ಳೆಯ ಬೋರ್ಡ್ ಪಕ್ಕದಲ್ಲಿಟ್ಟು ಹೋಲಿಸಬೇಕು. ಸಿಆರ್‌ಒ ಎಕ್ಸ್-ವೈ ಮೋಡ್‌ನಲ್ಲಿ ಹಾಕಿ, 6 ವೋಲ್ಟ್ ಟ್ರಾನ್ಸ್‌ಫಾರ್ಮರ್ ಮತ್ತು ಎರಡು ರೆಸಿಸ್ಟರ್‌ನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು. ನಾಜೂಕು ಐಸಿಗೆ ಮಾತ್ರ ವೋಲ್ಟ್ ಇನ್ನೂ ಕಡಿಮೆ ಇರಲಿ.

ಅದಕ್ಕೇ ಫ್ಯಾಕ್ಟರಿಯವರಿಗೆ ಹೇಳುವುದು: ಅದೇ ಥರದ ಇನ್ನೊಂದು ಮೆಷಿನ್ ಇದ್ದರೆ ಅದರ ಕಾರ್ಡನ್ನೂ ಅರ್ಧ ದಿನ ಕೊಡಿ. ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೀಟರ್ ಡಯೋಡ್ ಮೋಡ್‌ನಲ್ಲಿ, ಕೆಂಪು ಪ್ರೋಬ್ ಗ್ರೌಂಡಿಗೆ, ಕಪ್ಪನ್ನು ಕನೆಕ್ಟರಿನ ಒಂದೊಂದು ಪಿನ್‌ಗೆ. ಬಂದ ರೀಡಿಂಗ್ ಬರೆದಿಡುತ್ತೇನೆ. ಅದೇ ಮಾಡೆಲ್ ಕೆಟ್ಟು ಬಂದಾಗ, ಪುಸ್ತಕದಲ್ಲಿ 0.45 ಇರುವ ಪಿನ್ ಬೋರ್ಡಿನಲ್ಲಿ 0.08 ತೋರಿಸಿದರೆ ಎಲ್ಲಿ ಹುಡುಕಬೇಕು ಅಂತ ಹೇಳಲು ಬೇರೆ ಮೆಷಿನ್ ಬೇಕಿಲ್ಲ. ದುಡ್ಡು ಕೊಟ್ಟರೂ ಸಿಗದ ಸಾಮಾನು ನನ್ನ ಹತ್ತಿರ ಇರುವುದು ಇದೊಂದೇ.

ಕೊಳ್ಳುವುದು ಎಲ್ಲಿ ಅಂದರೆ, ಬೆಂಗಳೂರಿನ ಎಸ್.ಪಿ. ರೋಡ್. ಆರ್‌ಪಿಎಸ್ ತಗೊಳ್ಳುವಾಗ ಅಂಗಡಿಯಲ್ಲೇ ಆನ್ ಮಾಡಿಸಿ. 5 ವೋಲ್ಟ್ ಇಟ್ಟು, ಲಿಮಿಟ್ 1 ಆಂಪ್‌ಗೆ ಇಳಿಸಿ, ಔಟ್‌ಪುಟ್‌ನ ಎರಡೂ ತುದಿಯನ್ನು ದಪ್ಪ ವೈರಿನಲ್ಲಿ ಸೇರಿಸಿ. ಡಿಸ್‌ಪ್ಲೇ 1 ಆಂಪ್‌ನಲ್ಲಿ ಅಲುಗಾಡದೆ ನಿಲ್ಲಬೇಕು. ಅಂಗಡಿಯವರು "ಅಯ್ಯೋ ಶಾರ್ಟ್ ಮಾಡಬೇಡಿ, ಹೋಗುತ್ತೆ" ಅಂದರೆ ಪಕ್ಕದ ಅಂಗಡಿಗೆ ಹೋಗಿ.